ಕಾಯಿಲೆ ಬಿದ್ದ ರಾಜ

ನಮ್ಮ ಅಳತೆ ಕಚೇರಿಯ ವಾರ್ಷಿಕ ಚದುರಂಗ ಪಂದ್ಯದಲ್ಲಿ ಗೆದ್ದವರಿಗೆ ಅವರು ಕೇಳಿದ ಊರಿಗೆ ವರ್ಗಾವಣೆ ಕೊಡತಕ್ಕದ್ದು ಎಂಬುದು ನಿಯಮ. ಹಿಂದೊಮ್ಮೆ ಅರ್ಹತೆ ನೋಡಿ ಕೊಡಲು ಹೋಗಿ ಹೊಡೆದಾಟವಾಗಿದ್ದರಿಂದ ಈ ಏರ್ಪಾಡು.

ಈ ಸಲ ಫೈನಲಿಗೆ ಬಂದವರು ನಕ್ಷೆಗಾರ ಮತ್ತು ಸೂಪರಿಂಟೆಂಡೆಂಟ್ ಸಾಹೇಬರು. ನಕ್ಷೆಗಾರನ ಹೆಂಡತಿ ಬೇರೆ ಊರಿನಲ್ಲಿ ಟೀಚರು. ನಾಲ್ಕು ವರ್ಷದಿಂದ ಸಂಸಾರವೆಲ್ಲ ಫೋನಿನಲ್ಲೇ. ನಾಲ್ಕು ವರ್ಷದ ಮಗಳು ಅಪ್ಪ ಎಂದರೆ ಫೋನು ಎಂದುಕೊಂಡು, ಅದನ್ನು ಚಾರ್ಜಿಗಿಟ್ಟಾಗ “ಅಪ್ಪ ಊಟ ಮಾಡ್ತಿದಾರೆ” ಎನ್ನುತ್ತಾಳೆ. ಸಾಹೇಬರಿಗೆ ಯಾವ ಊರೂ ಬೇಡ. ಸೋಲುವುದು ಬೇಡ, ಅಷ್ಟೇ.

ಐದು ಗಂಟೆಗೆ ಕಚೇರಿ ಮುಚ್ಚುವಾಗ ಮಣೆಯ ಮೇಲೆ ಸಾಹೇಬರ ಒಂಟಿ ರಾಜನೂ ನಕ್ಷೆಗಾರನ ರಾಜ, ಒಂಟೆ, ಕುದುರೆಯೂ ಉಳಿದಿದ್ದವು. ಮುಗಿಯದ ಆಟವನ್ನು ಕಂಪ್ಯೂಟರ್ ಕೇಳಿ ತೀರ್ಮಾನಿಸತಕ್ಕದ್ದು. ಕೇಳಿದೆವು. ‘ರಾಜ ಎಲ್ಲಿಗೆ ಹೋದರೂ ಇಪ್ಪತ್ತೆಂಟು ನಡೆಯಲ್ಲಿ ಚೆಕ್‌ಮೇಟ್’ ಎಂದಿತು.

“ನನ್ನ ಕೇಳಿ ಹೇಳ್ತೇನ್ರೀ ಅದು?” ಸಾಹೇಬರು ಎಗರಿಬಿದ್ದರು. “ಎಲ್ಲಿಗೆ ಹೋಗ್ತೀನಿ ಅಂತ ನನಗೇ ಗೊತ್ತಿಲ್ಲ!”

ನ್ಯಾಯವಾದ ಮಾತು. ತಂತ್ರಾಂಶವನ್ನು ನಂಬಬಹುದೇ ಎಂದು ನೋಡಲು ಸಮಿತಿಯಾಯಿತು, ಕಾರ್ಯದರ್ಶಿ ನಾನು. ಇನ್ನೊಂದು ತಂತ್ರಾಂಶದ ಅಭಿಪ್ರಾಯ ಪಡೆದೆವು. ಅದು ಇಪ್ಪತ್ತೊಂಬತ್ತು ಎಂದಿತು. ಯಾರ ಮನಸ್ಸೂ ನೋಯಬಾರದೆಂದು ಸರಾಸರಿ ತೆಗೆದು, ಇಪ್ಪತ್ತೆಂಟೂವರೆ ನಡೆ ಎಂದು ನಿಗದಿ ಮಾಡಿದೆವು. ಬಳಿಕ ಆಡಿಸಿಯೇ ನೋಡಬೇಕೆಂದು ಆದೇಶವಾಯಿತು: ದಿನಕ್ಕೊಂದು ನಡೆ, ನಡೆಗೊಂದು ಕಡತ, ಕಡತಕ್ಕೆ ಸೂಪರಿಂಟೆಂಡೆಂಟರ ಒಪ್ಪಿಗೆ.

ಸಾಹೇಬರು ಪ್ರತಿ ಕಡತದ ಮೇಲೂ ‘ಮಾತನಾಡಿ’ ಎಂದು ಬರೆದರು. ನಕ್ಷೆಗಾರ ಹೋಗಿ ಮಾತನಾಡಿದ.

“ಸಾರ್, ಈ ಕುದುರೆ ನಿಮ್ಮ ರಾಜನ ಹತ್ರ ಬರಬೇಕಿತ್ತು.”

“ಕಾರಣ?”

“ಮೂಲೆಗೆ ತಳ್ಳೋಕೆ ಸಾರ್.”

“ಹಾಗೆಲ್ಲ ಬರೀತಾರೇನ್ರೀ? ಸ್ಥಳಾಂತರ ಅಂತ ಬರೀರಿ.”

ಇಪ್ಪತ್ತೆಂಟನೆಯ ದಿನ ರಾಜ ಮೂಲೆಯಲ್ಲಿ ಸಿಕ್ಕಿಬಿದ್ದ. ಅತ್ತ ಹೋದರೆ ಒಂಟೆ, ಇತ್ತ ಹೋದರೆ ಕುದುರೆ; ಚೆಕ್‌ಮೇಟ್. ನಕ್ಷೆಗಾರನ ಕಣ್ಣು ತುಂಬಿ ಬಂತು. ಅಯ್ಯೋ ಪಾಪ ಎನಿಸಿ ನನ್ನ ಕರವಸ್ತ್ರ ಕೊಟ್ಟೆ. ನಡಾವಳಿಯಲ್ಲಿ ಅದಕ್ಕೆ ಜಾಗವಿಲ್ಲದ್ದರಿಂದ ಬರೆದಿಲ್ಲ.

“ಅರ್ಧ ನಡೆ ಬಾಕಿ ಇದೆಯಲ್ಲ?” ಎಂದರು ಸಾಹೇಬರು.

ಇತ್ತು. ಅದನ್ನು ನಡೆಯಬೇಕಾದವನು ರಾಜ; ಅವನೋ ಅಲ್ಲಾಡುವಂತಿಲ್ಲ. ಮರುದಿನ ಸಾಹೇಬರು ರಾಜನ ಪರವಾಗಿ ವೈದ್ಯರ ಪ್ರಮಾಣಪತ್ರವನ್ನೇ ತಂದರು: ‘ಓಡಾಡುವ ಸ್ಥಿತಿಯಲ್ಲಿಲ್ಲ, ವಿಶ್ರಾಂತಿ ಅಗತ್ಯ.’ ಸಮಿತಿ ಮಣೆಯನ್ನು ಸುತ್ತಲಿಂದಲೂ ಪರಿಶೀಲಿಸಿತು. ಪತ್ರದಲ್ಲಿದ್ದುದು ಅಕ್ಷರಶಃ ನಿಜ. ಆದ್ದರಿಂದ, ತಂತ್ರಾಂಶ ನಂಬಲರ್ಹವೆಂದೂ, ರಾಜ ಗುಣವಾಗಿ ಕೆಲಸಕ್ಕೆ ಹಾಜರಾದ ಕೂಡಲೇ ಅದನ್ನು ನಂಬಲಾಗುವುದೆಂದೂ ವರದಿ ಕೊಟ್ಟೆವು. ಎಲ್ಲರೂ ಸಹಿ ಹಾಕಿದರು. ನಕ್ಷೆಗಾರನೂ ಹಾಕಿದ.

ಸಂಜೆ ನನ್ನ ಪಕ್ಕದ ಮೇಜಿನಿಂದಲೇ, ಸ್ಪೀಕರ್ ಹಾಕಿ, ಹೆಂಡತಿಗೆ ಫೋನು ಮಾಡಿದ.

“ಏನ್ರೀ, ಗೆದ್ರಾ?”

“ಗೆದ್ದಿದೀನಿ. ರಾಜನಿಗೆ ಹುಷಾರಿಲ್ಲ, ಎದ್ದ ಮೇಲೆ ಆರ್ಡರು.”

“ಪಾಪ. ಯಾರು ನೋಡ್ಕೊಳ್ತಿದಾರೆ?”

“ನನ್ನನ್ನೇ ಹಾಕಿದಾರೆ. ಊರಿಗೆ ಬರೋಕೆ ರಜೆನೂ ಇಲ್ಲ.”

“ಸರಿ, ಚೆನ್ನಾಗಿ ನೋಡ್ಕೊಳ್ಳಿ. ಗಾಳಿ ಬಡೀದ ಹಾಗೆ ಇಡಿ.”

ನಕ್ಷೆಗಾರ ಎದ್ದು ಹೋಗಿ ಮಣೆಯ ಪಕ್ಕದ ಕಿಟಕಿ ಮುಚ್ಚಿದ.