ಮರ್ಯಾದೆ ಕ್ಲಾಸಿನ ನಮ್ಮ ಭಾವ

ನನ್ನ ಹೆಂಡತಿಯ ಅಣ್ಣ ಅಂಗಿಯ ಗುಂಡಿಯನ್ನು ಸರಿಯಾದ ಕಾಜಕ್ಕೆ ಹಾಕಿಕೊಂಡದ್ದನ್ನು ಈವರೆಗೆ ಕಂಡವರಿಲ್ಲ! ಉತ್ಪ್ರೇಕ್ಷೆ ಎಂದು ತಿಳಿಯಬೇಡಿ. ನಾನು ದರ್ಜಿ, ಗುಂಡಿಯ ವಿಷಯದಲ್ಲಿ ಸುಳ್ಳು ಹೇಳುವವನಲ್ಲ. ಎರಡನೆಯ ಗುಂಡಿ ಮೂರನೆಯ ಕಾಜದಲ್ಲಿ, ಮೂರನೆಯದು ನಾಲ್ಕನೆಯದರಲ್ಲಿ, ಹೀಗೆ ಇಳಿದು ಇಳಿದು ಕೊನೆಗೆ ಅಂಗಿಯ ಒಂದು ತುದಿ ಇನ್ನೊಂದಕ್ಕಿಂತ ಎರಡು ಬೆರಳು ಕೆಳಗೆ ನೇತಾಡುತ್ತದೆ. ಇಂಥವರು ಕೌಲಾಲಂಪುರದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರದ ಪ್ರೊಫೆಸರು! ಸಮಾಜವನ್ನು ಸರಿ ಮಾಡುತ್ತಾರಂತೆ. ಮೊದಲು ಅಂಗಿಯಿಂದ ಶುರು ಮಾಡಬಾರದೇ?

ಅವರು ನನಗೆ ಭಾವ, ನಾನೂ ಅವರಿಗೆ ಭಾವ. ನಮ್ಮ ಉಡುಪಿ ಕಡೆ ಹಾಗೆಯೇ. ನಾವು ವಾದಕ್ಕೆ ನಿಂತರೆ ದೂರದಿಂದ ಕೇಳಿದವರಿಗೆ ಯಾರೋ ಒಬ್ಬ ತನ್ನೊಡನೆ ತಾನೇ ಜಗಳವಾಡುತ್ತಿರುವಂತೆ ಕಾಣುತ್ತದೆ. ನಾನು ಅದೇ ಊರಿನ ಬ್ರಿಕ್‌ಫೀಲ್ಡ್ಸ್‌ನ ಸೀರೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಹೊಲಿಗೆ ಯಂತ್ರ ಇಟ್ಟು ವರ್ಷಗಳೇ ಆಗಿದ್ದವು. ಭಾವ ಮಣಿಪಾಲದ ಕೆಲಸ ಬಿಟ್ಟು ಆಮೇಲೆ ಬಂದವರು. ಬಂದ ದಿನವೇ ವಿಮಾನ ನಿಲ್ದಾಣದಲ್ಲಿ ಯಾರದೋ ಪೆಟ್ಟಿಗೆ ಎತ್ತಿಕೊಂಡು ಬಂದು, ಅದರಲ್ಲಿದ್ದ ಹೆಂಗಸರ ಚಪ್ಪಲಿ ನೋಡಿ, "ಇದು ನನ್ನ ಕಾಲಿಗೆ ಯಾವಾಗ ಸರಿ ಇತ್ತು ಭಾವ?" ಎಂದು ನನ್ನನ್ನೇ ಕೇಳಿದ್ದರು.

ಇನ್ನು, ಗುಂಡಿಗೆ ಸಂಬಂಧಪಡದ ನನ್ನ ಒಂದು ಸುಳ್ಳಿನ ವಿಷಯ. ನಾನು ಶಾಲೆ ಬಿಟ್ಟದ್ದು ಏಳನೇ ಕ್ಲಾಸಿನ ಅರ್ಧಕ್ಕೆ. ಮರುದಿನವೇ ಬ್ರಹ್ಮಾವರದ ಒಬ್ಬ ದರ್ಜಿಯ ಅಂಗಡಿಯಲ್ಲಿ ಕಾಜ ಹೊಲಿಯಲು ಕುಳಿತೆ. ಅದರ ಬಗ್ಗೆ ನನಗೆ ನಾಚಿಕೆಯಿಲ್ಲ. ನಾನು ಹೊಲಿದ ಕಾಜ ಅಂಗಿ ಹರಿದರೂ ಹರಿಯುವುದಿಲ್ಲ! ಆದರೆ ಮದುವೆಯ ನಿಶ್ಚಿತಾರ್ಥದ ದಿನ ನನ್ನ ಮಾವ, ಅಂದರೆ ಹೆಣ್ಣಿನ ಅಪ್ಪ, ಎಲ್ಲರೆದುರು "ಹುಡುಗ ಎಸ್ಸೆಸ್ಸೆಲ್ಸಿ ಪಾಸು" ಎಂದುಬಿಟ್ಟರು. ನಾನು ಹೇಳಿದ್ದಲ್ಲ. ಅಲ್ಲವೆಂದೂ ಹೇಳಲಿಲ್ಲ. ಹೆಣ್ಣಿನ ಕಡೆಯವರು ಕೊಟ್ಟ ಕಾಫಿ ಬಿಸಿಯಿತ್ತು, ನಾನು ಅದನ್ನೇ ನೋಡುತ್ತ ಕುಳಿತೆ. ಅಂದು ಬಾಯಿ ಮುಚ್ಚಿದವನು ಇಪ್ಪತ್ತೊಂದು ವರ್ಷ ತೆರೆಯಲಿಲ್ಲ. ನನ್ನ ಮಗಳು ಹೋಂವರ್ಕ್ ಮಾಡದಿದ್ದಾಗಲೆಲ್ಲ ಹೆಂಡತಿ, "ನಿನ್ನ ಅಪ್ಪ ಚಿಮಣಿ ದೀಪದಲ್ಲಿ ಓದಿ ಎಸ್ಸೆಸ್ಸೆಲ್ಸಿ ಮಾಡಿದ್ದು" ಎನ್ನುತ್ತಿದ್ದಳು. ಚಿಮಣಿ ದೀಪವನ್ನು ಅವಳೇ ಸೇರಿಸಿದ್ದು.

ಕಾಡ್ಗಿಚ್ಚಿನ ಹೊಗೆ ಊರಿಗೆಲ್ಲ ಮುಸುಕಿದ ವರ್ಷ ಕಳೆದು, ಇಲ್ಲಿಯ ದುಡ್ಡು ರಿಂಗಿಟ್ಟಿನ ಬೆಲೆ ಬಿದ್ದು, ಎಲ್ಲರ ಮುಖ ಬಾಡಿದ್ದ ಕಾಲ. ಭಾವ ಮಾತ್ರ ಕುಣಿಯುತ್ತ ಬಂದರು. ಕಾಲೇಜಿನಲ್ಲಿ ಅವರ ಕೈಗೆ 'ಆನರ್ಸ್ ಪ್ರೋಗ್ರಾಂ' ಬಂದಿತ್ತು. ಒಳ್ಳೆಯ ಮಾರ್ಕಿನ ಇಪ್ಪತ್ತು ಮಕ್ಕಳನ್ನು ಆರಿಸುವುದು, ಅವರು ತಮ್ಮ ಡಿಗ್ರಿಯ ಜೊತೆಗೆ ಒಂದು ವರ್ಷ ನೆರೆಹೊರೆಗೆ ಉಪಕಾರವಾಗುವ ಒಂದು ಕೆಲಸ ಮಾಡುವುದು. ಇಪ್ಪತ್ತರಲ್ಲಿ ನನ್ನ ಮಗಳೂ ಒಬ್ಬಳು.

"ಆನರ್ ಅಂದ್ರೆ ಎಂತ ಭಾವ?"

"ಮರ್ಯಾದೆ."

"ಹಾಗಾದ್ರೆ ಇದು ಮರ್ಯಾದೆ ಕಲಿಸುವ ಕ್ಲಾಸಾ?"

"ಹೌದು ಮಾರಾಯ್ರೆ. ಮಾರ್ಕು ಜಾಸ್ತಿ ಇದ್ದವರಿಗೆ ಅದೇ ಸ್ವಲ್ಪ ಕಡಿಮೆ ಇರುದು!"

ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಮರ್ಯಾದೆ ಕ್ಲಾಸು ಎಂದೇ ಹೆಸರು.

ಉಪಕಾರ ಮಾಡಲು ಹೊರಟವರಿಗೆ ಉಪಕಾರ ಬೇಕಾದವರು ಸಿಗಬೇಕಲ್ಲ? ಭಾವ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕುಳಿತು ಯೋಚಿಸುತ್ತಿದ್ದಾಗ ಲಿಮ್ ಅಂಕಲ್ ಕೋಲು ಕುಟ್ಟುತ್ತ ಬಂದರು. ನಮ್ಮ ಬ್ರಿಕ್‌ಫೀಲ್ಡ್ಸ್‌ನಲ್ಲಿ ಕಣ್ಣು ಕಾಣದವರು ಬಹಳ ಮಂದಿ, ಮಾಲೀಶು ಮಾಡಿ ಸ್ವಂತ ದುಡಿಮೆಯಲ್ಲಿ ಬದುಕುವವರು. ಲಿಮ್ ಅಂಕಲ್ ಅವರಲ್ಲೊಬ್ಬರು. ಅಂದು ಸಿಟ್ಟಿನಲ್ಲಿದ್ದರು. ಹಿಂದಿನ ದಿನ ಚಿಕ್ಕಪ್ಪನ ಸಾವಿಗೆ ಹೋಗಿದ್ದರಂತೆ, ಕೆಂಪು ಅಂಗಿ ಹಾಕಿಕೊಂಡು! ಚೀನೀಯರಲ್ಲಿ ಸಾವಿನ ಮನೆಗೆ ಕೆಂಪು ಎಂದರೆ ಕುಣಿಯಲು ಬಂದ ಹಾಗೆ. ಬಿಳಿ ಎಂದುಕೊಂಡು ತೊಟ್ಟಿದ್ದರು ಪಾಪ.

"ಕಾಲರಿನ ಒಳಗೆ ದಾರದ ಗಂಟು ಹಾಕಿಕೊಡ್ತೇನೆ ಅಂಕಲ್," ಎಂದೆ. "ಬಿಳಿಗೆ ಒಂದು, ನೀಲಿಗೆ ಎರಡು, ಕೆಂಪಿಗೆ ಮೂರು. ಬೆರಳಲ್ಲಿ ಮುಟ್ಟಿದ್ರೆ ಗೊತ್ತಾಗ್ತದೆ."

ಭಾವ ಸ್ಟೂಲಿನಿಂದ ಹಾರಿದರು. ಸ್ಟೂಲು ಬಿತ್ತು. "ಇದೇ ಪಾಠ! ಈ ಗಲ್ಲಿಯ ಕಣ್ಣು ಕಾಣದವರೆಲ್ಲರ ಅಂಗಿಗೂ ಗಂಟು! ಮೇಷ್ಟ್ರು ನೀವೇ!"

ಮರುವಾರ ಇಪ್ಪತ್ತು ಮಕ್ಕಳೂ ಬಂದರು. ಮಲಾಯರು, ಚೀನೀಯರು, ತಮಿಳರು. "ಇವರಿಗೆ ತಲೆ ಉಂಟು, ಕೈ ಇಲ್ಲ. ಸ್ವಲ್ಪ ಕೈ ಹಚ್ಚಿ ಕೊಡಿ ಭಾವ," ಎಂದು ಪರಿಚಯ ಮಾಡಿಸಿದರು. ಮೊದಲ ದಿನ ಒಬ್ಬ ಹುಡುಗ ಲಿಮ್ ಅಂಕಲ್‌ರ ಅಂಗಿಯನ್ನು ತನ್ನ ಪ್ಯಾಂಟಿಗೇ ಸೇರಿಸಿ ಹೊಲಿದ, ಎದ್ದು ನಿಂತಾಗ ಅಂಗಿಯೂ ಎದ್ದು ನಿಂತಿತು. ಮೂರು ತಿಂಗಳಲ್ಲಿ ಅದೇ ಹುಡುಗ ಮಾತಾಡುತ್ತಲೇ ಗಂಟು ಹಾಕುವಷ್ಟು ಪಳಗಿದ. ಪಳಗದೆ ಉಳಿದವರು ಪ್ರೊಫೆಸರು ಮಾತ್ರ. ಪರೀಕ್ಷಕ ಲಿಮ್ ಅಂಕಲ್ ಒಂದೊಂದೇ ಕಾಲರು ಮುಟ್ಟಿ, "ಇದು ಬೊಲೆ ಲಾ, ಇದೂ ಬೊಲೆ ಲಾ," ಎಂದರೆ ಆಗಬಹುದು ಎಂದರ್ಥ, 'ಲಾ' ಇಲ್ಲಿಯವರ ಮಾತಿಗೆ ಬಾಲ. ಒಂದು ಅಂಗಿಯಲ್ಲಿ ಬೆರಳು ನಿಂತಿತು.

"ಇದು ಗಂಟಾ, ಜೇಡರ ಬಲೆಯಾ? ಯಾರ ಕೆಲಸ ಲಾ ಇದು?"

ಇಪ್ಪತ್ತು ಮಕ್ಕಳೂ ಪ್ರೊಫೆಸರರ ಮುಖ ನೋಡಿದರು. ಭಾವ ಕೈ ಎತ್ತಿದರು. ಕಣ್ಣು ಕಾಣದವರೆದುರು ಕೈ ಎತ್ತಿ ಏನು ಪ್ರಯೋಜನ?

ಎಲ್ಲ ಸುಸೂತ್ರವಾಗಿತ್ತು, ಆ ಫಾರಂ ಬರುವವರೆಗೆ. ಹೊರಗಿನವರು ಯಾರೇ ಈ ಕ್ಲಾಸಿಗೆ ಕಲಿಸಿದರೂ ಕಾಲೇಜಿನ ಆಫೀಸಿಗೆ ಒಂದು ಫಾರಂ ತುಂಬಿ ಕೊಡಬೇಕಂತೆ. ವಿದ್ಯಾರ್ಹತೆ ಬರೆದು ಸರ್ಟಿಫಿಕೇಟಿನ ಪ್ರತಿ ಲಗತ್ತಿಸಬೇಕು. ಇಲ್ಲದಿದ್ದರೆ ಮಕ್ಕಳ ಒಂದು ವರ್ಷದ ಕೆಲಸ ಲೆಕ್ಕಕ್ಕಿಲ್ಲ. ನನ್ನ ಮಗಳದೂ! ಯೋಚಿಸಿ ನೋಡಿ: ಬಾಯಿ ಬಿಟ್ಟರೆ ನನ್ನ ಮರ್ಯಾದೆ ಹೋಯಿತು, ಬಿಡದಿದ್ದರೆ ಅವಳ ಮರ್ಯಾದೆ ಕ್ಲಾಸೇ ಹೋಯಿತು. ಎಂದೂ ತಪ್ಪದ ನನ್ನ ಅಳತೆ ಆ ವಾರ ತಪ್ಪಿತು. ಒಬ್ಬರ ಪ್ಯಾಂಟಿನ ಒಂದು ಕಾಲು ಗಿಡ್ಡವಾಯಿತು.

ನನ್ನ ಅದೃಷ್ಟಕ್ಕೆ, ಫಾರಂ ತರುವ ಜವಾಬ್ದಾರಿ ಭಾವನದು. ಮೊದಲನೆಯದನ್ನು ತಂದವರು ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಿಂದ ತಪಾವ್ ಎಂದು ಕಟ್ಟಿಸಿಕೊಂಡ ವಡೆಯನ್ನೂ ತಂದರು. ಪೊಟ್ಟಣ ಒಡೆದು ಚಟ್ನಿಯೆಲ್ಲ ಫಾರಂ ಮೇಲೆ. ನಾನು ಆ ಚಟ್ನಿಗೆ ಮನಸ್ಸಿನಲ್ಲೇ ಕೈಮುಗಿದೆ. ಎರಡನೆಯದನ್ನು ಬಸ್ಸಿನಲ್ಲಿ ಬಿಟ್ಟು ಬಂದರು. ಮೂರನೆಯದು ನನ್ನ ಮೇಜಿನವರೆಗೂ ಬಂತು. ನಾನು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಭಾವ ನನ್ನದೇ ಕತ್ತರಿ ತೆಗೆದು, "ಕಾಲರು ಹೇಗೆ ಕತ್ತರಿಸುದು ಭಾವ, ಹೀಗಾ?" ಎಂದು ಅದನ್ನು ಕರಕರ ಕತ್ತರಿಸಿಯೇಬಿಟ್ಟರು!

"ಮಾವ! ದಟ್ ಈಸ್ ದ ಫಾರಂ ಲಾ!" ಮಗಳು ಕಿರುಚಿದಳು.

"ಅಯ್ಯೋ, ಹೌದಾ?"

ನಾನು ಮೇಲಿಂದ ಬೈದೆ, ಒಳಗಿಂದ ಹರಸಿದೆ.

ಆದರೆ ಎಷ್ಟು ದಿನ? ಫಾರಂ ಕೊಡಲು ಮರುದಿನವೇ ಕೊನೆಯ ದಿನ. ಸಂಜೆ ಮಗಳು ತಾನೇ ಆಫೀಸಿಗೆ ಹೋಗಿ ನಾಲ್ಕನೆಯದನ್ನು ತಂದು, ಪೆನ್ನು ಹಿಡಿದು ಎದುರು ಕುಳಿತಳು. ಹೆಂಡತಿ ಗುಂಡಿಗಳನ್ನು ವಿಂಗಡಿಸುತ್ತಿದ್ದಳು. ಭಾವ ಚಹಾ ಆರಿಸುತ್ತ ಸ್ಟೂಲಿನ ಮೇಲೆ.

"ಅಪ್ಪ, ಲಿಸನ್. 'ವಿದ್ಯಾರ್ಹತೆ ಅಥವಾ ಅನುಭವ'. ಎರಡರಲ್ಲಿ ಒಂದು ಬರೆದ್ರೆ ಸಾಕು, ಸರ್ಟಿಫಿಕೇಟ್ ನೋ ನೀಡ್."

ಅಥವಾ! ನನಗೆ ಉಸಿರು ಬಂತು. ಅನುಭವ ಬರೆಸಿ ಸುಮ್ಮನಿದ್ದರೆ ನನ್ನ ಎಸ್ಸೆಸ್ಸೆಲ್ಸಿಗೆ ಇನ್ನೂ ಇಪ್ಪತ್ತೊಂದು ವರ್ಷ ಆಯುಷ್ಯ. ಆದರೆ ಗೋಡೆಯ ಮೊಳೆಯಲ್ಲಿ ಆ ಮಕ್ಕಳು ಗಂಟು ಹಾಕಿದ ಅಂಗಿಗಳು ತೂಗುತ್ತಿದ್ದವು. ಬಿಳಿಗೆ ಒಂದೇ ಗಂಟು. ಎರಡು ಹಾಕಿದರೆ ನಂಬಿ ತೊಟ್ಟವರು ಮೋಸ ಹೋಗುತ್ತಾರೆ ಎಂದು ಮೂರು ತಿಂಗಳು ಬೈದು ಬೈದು ಕಲಿಸಿದವನು ನಾನೇ ಅಲ್ಲವೇ?

"ಎರಡೂ ಬರಿ," ಎಂದೆ. "ಅನುಭವ ಮೂವತ್ಮೂರು ವರ್ಷ. ವಿದ್ಯಾರ್ಹತೆ ಏಳನೇ ಕ್ಲಾಸು. ಅದೂ ಅರ್ಧ."

ಹೆಂಡತಿಯ ಕೈಯಿಂದ ಗುಂಡಿಗಳು ಜಾರಿ ಅಂಗಡಿಯ ತುಂಬ ಉರುಳಿದವು. ಮಗಳು ನನ್ನನ್ನು ನೋಡಿದಳು. "ಹಾಫ್? ದೆನ್ ಹೌ ಕಮ್ ನನ್ನ ಕನ್ನಡ ಸ್ಪೆಲ್ಲಿಂಗ್ ಎಲ್ಲ ನೀವು ಕರೆಕ್ಟ್ ಮಾಡ್ತೀರಿ?" ಅಷ್ಟೇ! ಬರೆದುಕೊಂಡಳು. ಏಳೂವರೆಯೋ ಆರೂವರೆಯೋ ಎಂದು ಮಾತ್ರ ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡಳು. ಇಪ್ಪತ್ತೊಂದು ವರ್ಷ ನಾನು ಹೊತ್ತ ಬಂಡೆ ಅವಳಿಗೆ ಒಂದು ಸಾಲು.

ಹೆಂಡತಿಗೆ ಅಷ್ಟಕ್ಕೆ ಮುಗಿಯಲಿಲ್ಲ. ನನ್ನನ್ನು ಬಿಟ್ಟು ಅಣ್ಣನ ಕಡೆ ತಿರುಗಿದಳು. "ಅಣ್ಣ, ಇವರ ಶಾಲೆಗೆ ಹೋಗಿ ವಿಚಾರಿಸಿ ಬಾ ಅಂತ ಅಪ್ಪಯ್ಯ ಕಳಿಸಿದ್ದು ನಿನ್ನನ್ನೇ ಅಲ್ವಾ?"

"ನನ್ನನ್ನೇ."

"ಎಂತ ಹೇಳಿದ್ದಿ ಬಂದು?"

"ಹುಡುಗ ಪಾಸು ಅಂದೆ. ಎಂತದರಲ್ಲಿ ಅಂತ ಅಪ್ಪಯ್ಯ ಕೇಳ್ಲಿಲ್ಲ. ಎಸ್ಸೆಸ್ಸೆಲ್ಸಿ ಅವರೇ ಸೇರಿಸಿದ್ದು."

ಅಂದರೆ ನನ್ನ ಸುಳ್ಳಿನ ಮೂಲಪುರುಷ ಇವರು!

"ಹೆಡ್‌ಮಾಸ್ಟ್ರು ರಿಜಿಸ್ಟರು ತೋರಿಸಿದ್ರು, ಏಳನೇ ಕ್ಲಾಸಲ್ಲಿ ಹೆಸರು ಹೊಡೆದು ಹಾಕಿದ್ರು," ಎಂದರು ಭಾವ ಚಹಾ ಕಪ್ಪಿಗೆ ಹೇಳುವಂತೆ. "ಹಾಗೇ ನಿಮ್ಮ ಬ್ರಹ್ಮಾವರದ ಅಂಗಡಿಗೂ ಹೋದೆ ಭಾವ. ಒಂದು ಗುಂಡಿ ಹಾಕಿಕೊಡಿ ಅಂದ್ರೆ, ಕಾಜ ಎಲ್ಲ ಸವೆದಿದೆ ಅಂತ ಅಂಗಿ ಕಳಚಿಸಿ ಒಂದು ಗಂಟೆ ಕೂರಿಸಿದಿರಿ. ಎಲ್ಲಾ ಹೊಸತಾಗಿ ಹೊಲಿದು, ಗುಂಡಿಗೆ ಮಾತ್ರ ದುಡ್ಡು ತಗೊಂಡಿರಿ. ಕೇಳಿದ್ದು ಅದೊಂದೇ ಅಲ್ವಾ ಅಂದಿರಿ. ನಾನು ಅಲ್ಲೇ ಪಾಸು ಮಾಡಿದೆ."

ನೆನಪಾಯಿತು! ಬನಿಯನ್ನಿನಲ್ಲಿ ಕುಳಿತು ಪೇಪರು ಓದುತ್ತಿದ್ದ ಒಬ್ಬ ಸಣಕಲು ಹುಡುಗ. ನಾನು ಗಿರಾಕಿಯ ಎದೆ, ಸೊಂಟ, ತೋಳು ನೋಡುವವನು, ಮುಖ ಯಾರು ನೋಡುತ್ತಾರೆ?

"ಮತ್ತೆ ಈ ಫಾರಂ ಕಳೆದದ್ದು?"

"ಹಳೇ ಫಾರಂನಲ್ಲಿ 'ಅಥವಾ' ಇರ್ಲಿಲ್ಲ ಮಾರಾಯ್ರೆ. ಅದೊಂದು ಶಬ್ದ ಹಾಕಿಸ್ಲಿಕ್ಕೆ ಮೂರು ಮೀಟಿಂಗ್! ಅಲ್ಲಿವರೆಗೆ ಫಾರಂ ಕಳೀತಾ ಇರ್ಬೇಕಲ್ಲ?"

"ಚಟ್ನಿಯೂ ಬೇಕಂತಲೇ ಚೆಲ್ಲಿದ್ದಾ?"

"ಇಲ್ಲಪ್ಪ, ಚಟ್ನಿ ಮಾತ್ರ ನಿಜ. ಐಡಿಯಾ ಬಂದದ್ದೇ ಅದರಿಂದ."

ಎಲ್ಲರೂ ನಕ್ಕರು. ಭಾವ ಹೊರಡಲು ಎದ್ದರು. ಎಂದಿನಂತೆ ಅಂಗಿಯ ಎಡದ ತುದಿ ಎರಡು ಬೆರಳು ಕೆಳಗೆ. "ನಿಲ್ಲಿ ಭಾವ," ಎಂದು ಎದುರು ನಿಂತು ಒಂದೊಂದೇ ಗುಂಡಿ ಬಿಚ್ಚಿದೆ, ಮೇಲಿನಿಂದ ಒಂದೊಂದೇ ಸರಿಯಾದ ಕಾಜಕ್ಕೆ ಹಾಕಿದೆ. ಪ್ರೊಫೆಸರಾದರೂ ಇದೊಂದು ಬರಲಿಲ್ಲವಲ್ಲ ಎಂದು ಬೈಯಬೇಕೆಂದಿದ್ದೆ. ಬೈಯುವ ಬದಲು ಕಾಲರು ನೇರ ಮಾಡಿದೆ. ಭಾವ ಅಳತೆ ಕೊಡುವವರಂತೆ ಎರಡೂ ಕೈ ಸ್ವಲ್ಪ ಎತ್ತಿ, ಕೊನೆಯ ಗುಂಡಿಯವರೆಗೂ ಅಲ್ಲಾಡದೆ ನಿಂತಿದ್ದರು.