ಒಂಬತ್ತು ಮೀನುಗಳ ಕವಾಯತು

ಮಾವನವರಿಗೆ ಹಲ್ಲುನೋವು ಬರದೇ ಇದ್ದಿದ್ದರೆ ಹಲ್ಲಿನ ಡಾಕ್ಟರು ಆ ಬೆಳಿಗ್ಗೆ ಒಂಬತ್ತು ಮೀನು ಕೊಂಡು ತರುತ್ತಲೇ ಇರಲಿಲ್ಲ.

ಮಾವನವರು ನಿವೃತ್ತ ಡ್ರಿಲ್ ಮೇಷ್ಟ್ರು. ನಲವತ್ತು ವರ್ಷ ಸೀಟಿ ಊದಿ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದವರು. ಮಗಳ ಮದುವೆಯಾದ ಹನ್ನೆರಡು ವರ್ಷದಲ್ಲಿ ಅವರ ಮೂರು ಹಲ್ಲು ಕೆಟ್ಟಿದ್ದವು, ಮೂರನ್ನೂ ಬೇರೆ ಡಾಕ್ಟರ ಹತ್ತಿರ ಕೀಳಿಸಿಕೊಂಡಿದ್ದರು. ಅಳಿಯ ಹೇಗೆ ಎಂದು ಯಾರಾದರೂ ಕೇಳಿದರೆ, "ಏನೋ, ಇದಾರೆ" ಎನ್ನುತ್ತಿದ್ದರು. ಆ "ಏನೋ" ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ ಹನ್ನೆರಡು ವರ್ಷದಿಂದ ಡಾಕ್ಟರನ್ನು ಕಾಡುತ್ತಿತ್ತು.

ಈಗ ನಾಲ್ಕನೆಯ ಹಲ್ಲು. ಹೆಂಡತಿ ಹಟ ಹಿಡಿದು ಅಪ್ಪನನ್ನು ಒಪ್ಪಿಸಿದ್ದಳು. "ಸಂಜೆ ನಾಲ್ಕಕ್ಕೆ ಬರ್ತಾರೆ. ಅವರಿಗೆ ಒಳಗೊಳಗೇ ಭಯ ಕಣ್ರೀ, ಹೇಳ್ಕೊಳ್ಳಲ್ಲ ಅಷ್ಟೇ. ಸ್ವಲ್ಪ ಧೈರ್ಯ ಬರೋ ಹಾಗೆ ಮಾಡಿ."

ಧೈರ್ಯಕ್ಕೆ ಡಾಕ್ಟರ ಹತ್ತಿರ ಒಂದು ಉಪಾಯವಿತ್ತು. ಕ್ಲಿನಿಕ್ಕಿನ ಹೊರಕೋಣೆಯಲ್ಲಿ ನಾಲ್ಕಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ಉಪ್ಪುನೀರು, ಬಂಡೆ, ಮೂರು ವರ್ಷ ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ ಜೀವಂತ ಹವಳ. ತಾವು ಕಟ್ಟಿದ ಹಲ್ಲುಗಳಿಗಿಂತ ಆ ಹವಳದ ಮೇಲೆ ಅವರಿಗೆ ಅಭಿಮಾನ ಹೆಚ್ಚು. ಅದಕ್ಕೆ ಇದ್ದ ಕೊರತೆ ಒಂದೇ, ಗುಂಪಾಗಿ ಈಜುವ ಪುಟ್ಟ ಮೀನುಗಳು. ಅಂಥ ಗುಂಪನ್ನು ನೋಡುತ್ತ ಕೂತರೆ ರೋಗಿಗಳ ಭಯ ತಾನಾಗಿ ಇಳಿಯುತ್ತದೆ ಎಂದು ಅವರು ಎಲ್ಲೋ ಓದಿದ್ದರು.

ಒಂಬತ್ತಕ್ಕೆ ಮೀನು ಬಂದವು. ಬೆರಳುದ್ದದ, ಹಸಿರು ಮಿಂಚಿನ ಒಂಬತ್ತು ಮೀನು. ಮೊದಲು ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ಆಮೇಲೆ ಮೀನುಗಳನ್ನು ಬಕೆಟ್ಟಿಗೆ ಇಳಿಸಿ, ಸಣ್ಣ ಕೊಳವೆಗೆ ಗಂಟು ಹಾಕಿ, ತೊಟ್ಟಿಯ ನೀರು ಹನಿಹನಿಯಾಗಿ ಬಕೆಟ್ಟಿಗೆ ಬೀಳುವಂತೆ ಮಾಡಿ ಡಾಕ್ಟರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು.

"ಎಷ್ಟು ಹೊತ್ತು ಡಾಕ್ಟ್ರೇ?" ಎಂದು ಟೋಕನ್ ಕೊಡುವ ಅಕ್ಕ ಕೇಳಿದರು.

"ಒಂದೂವರೆ ಗಂಟೆ. ಹೊಸ ನೀರು ಒಗ್ಗಬೇಕಲ್ಲ."

"ಮನುಷ್ಯರಿಗೆ ಇಂಜೆಕ್ಷನ್ ಒಗ್ಗೋಕೆ ಐದೇ ನಿಮಿಷ ಕೊಡ್ತೀರಿ," ಎಂದು ಅಕ್ಕ ತಮ್ಮಷ್ಟಕ್ಕೆ ಹೇಳಿಕೊಂಡರು.

ಕೆನ್ನೆ ಬಾತ ಬಸ್ ಕಂಡಕ್ಟರು ಒಂದನೇ ಟೋಕನ್ ಹಿಡಿದು ಕಾಯುತ್ತಿದ್ದರು. ಮಹಡಿಯ ಮೇಲಿನ ವಕೀಲರು, ಯಾವ ಹಲ್ಲೂ ನೋಯದಿದ್ದರೂ, ಕೆಳಗಿಳಿದು ಬಂದು ಕೂತರು. ಎಲ್ಲರ ಎದುರಿಗೆ ಡಾಕ್ಟರು ಮೀನುಗಳನ್ನು ಮೆಲ್ಲಗೆ ಬಲೆಯಲ್ಲಿ ಎತ್ತಿ ತೊಟ್ಟಿಗೆ ಬಿಟ್ಟರು. ಒಂಬತ್ತೂ ಒಂದು ಕ್ಷಣ ನಿಂತು ನೋಡಿದವು. ಆಮೇಲೆ ಒಂದು ಅತ್ತ, ಒಂದು ಇತ್ತ ಹೋಗಿ ಬಂಡೆಯ ಸಂದುಗಳಲ್ಲಿ ಮನೆ ಹೂಡಿದವು.

ಕಂಡಕ್ಟರು ಅಭ್ಯಾಸಬಲದಿಂದ ತಲೆ ಎಣಿಸಿದರು. "ಏಳೇ ಇದಾವೆ. ಎರಡು ಎಲ್ಲೋ ಇಳ್ಕೊಂಡಿವೆ."

"ಗುಂಪು ಅಂದ್ರಿ," ಎಂದರು ವಕೀಲರು. "ಇದು ಪಾಲಾದ ಆಸ್ತಿ ಥರ ಕಾಣ್ತಿದೆ. ಒಬ್ಬೊಬ್ಬರದು ಒಂದೊಂದು ಮೂಲೆ."

ಡಾಕ್ಟರ ಮುಖ ಸಣ್ಣದಾಯಿತು. ದೀಪ ಕಡಿಮೆ ಮಾಡಿದರು, ಮೀನು ಬರಲಿಲ್ಲ. ಹೆಚ್ಚು ಮಾಡಿದರು, ಇನ್ನೂ ಒಳಗೆ ಹೋದವು. ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಬೇರೆ ದಾರಿ ಕಾಣದೆ ಮುಖಕ್ಕೆ ಮಾಸ್ಕು, ಕಣ್ಣಿಗೆ ಹಲ್ಲು ದೊಡ್ಡದಾಗಿ ಕಾಣಿಸುವ ಎರಡು ಕೊಳವೆಗಳ ಕನ್ನಡಕ, ಹಣೆಗೆ ದೀಪ ಏರಿಸಿಕೊಂಡು ಕಂಡಕ್ಟರನ್ನು ಒಳಗೆ ಕರೆದರು.

ಹಲ್ಲು ಕಿತ್ತು ಹತ್ತಿ ಇಡುವಷ್ಟರಲ್ಲಿ ಹೊರಗಿನಿಂದ ಅಕ್ಕನ ದನಿ ಕೇಳಿತು. "ಡಾಕ್ಟ್ರೇ, ವಕೀಲರು ಮುಚ್ಚಳ ತೆಗೆದು ಬಿಸ್ಕತ್ತು ಹಾಕ್ತಿದಾರೆ."

ಡಾಕ್ಟರು ಇದ್ದ ವೇಷದಲ್ಲೇ ಹೊರಗೆ ಓಡಿದರು. ತೋಳು ಭುಜದವರೆಗೂ ನೀರಲ್ಲಿ ಮುಳುಗಿಸಿ ಬಿಸ್ಕತ್ತಿನ ಚೂರುಗಳನ್ನು ಇಕ್ಕಳದಲ್ಲಿ ಹೆಕ್ಕಿದರು. ಇನ್ನೂ ಉಳಿದಿದೆಯೇ ಎಂದು ಗಾಜಿಗೆ ಮುಖ ಹತ್ತಿರ ತಂದು ಬಗ್ಗಿ ನೋಡಿದರು.

ಆಗ ಆ ಪವಾಡ ನಡೆಯಿತು. ಒಂಬತ್ತು ಮೂಲೆಯಿಂದ ಒಂಬತ್ತು ಮೀನೂ ಸರ್ರನೆ ಬಂದು ತೊಟ್ಟಿಯ ನಡುವೆ ಒತ್ತೊತ್ತಾಗಿ ಸೇರಿ, ಒಂದೇ ಸಲ ಎಡಕ್ಕೆ, ಒಂದೇ ಸಲ ಬಲಕ್ಕೆ ತಿರುಗಿದವು. ಹವಳದ ಮೇಲೆ ಹಸಿರು ಬೆಳಕು ಹರಿದಾಡಿತು. ಡಾಕ್ಟರು ಹಿಂದೆ ಸರಿದರೆ ಚದುರಿದವು, ಮುಂದೆ ಬಂದರೆ ಮತ್ತೆ ಕೂಡಿಕೊಂಡವು. ಬಾಯಲ್ಲಿ ಹತ್ತಿ ಕಚ್ಚಿಕೊಂಡೇ ಹೊರಗೆ ಬಂದ ಕಂಡಕ್ಟರು ಎಣಿಸಿ, ಒಂಬತ್ತು ಬೆರಳು ಎತ್ತಿ ತೋರಿಸಿದರು.

ಡಾಕ್ಟರು ಕೂಡಲೇ ಹೆಂಡತಿಗೆ ಫೋನ್ ಮಾಡಿದರು. "ಅರ್ಧ ದಿನಕ್ಕೇ ನನ್ನ ಗುರುತು ಹಿಡಿದಿವೆ ಕಣೇ. ಸಾಕಿದ ನಾಯಿಗೂ ವಾರ ಬೇಕು."

ಆಮೇಲೆ ಅವರನ್ನು ಹಿಡಿಯುವವರೇ ಇರಲಿಲ್ಲ. ಪ್ರತಿ ರೋಗಿಗೂ ಮೊದಲು ಮೀನು, ಆಮೇಲೆ ಹಲ್ಲು. ವೇಷ ಕಳಚಿದರೆ ಎಲ್ಲಿ ಗುರುತು ತಪ್ಪುತ್ತದೋ ಎಂದು ಊಟದ ಹೊತ್ತಿನಲ್ಲೂ ಮಾಸ್ಕನ್ನು ಗದ್ದಕ್ಕೆ ಇಳಿಸಿದರೇ ಹೊರತು ತೆಗೆಯಲಿಲ್ಲ.

ಸರಿಯಾಗಿ ನಾಲ್ಕಕ್ಕೆ ಮಾವನವರು ಬಂದರು. ಒಂದು ಕೈ ಕೆನ್ನೆಯ ಮೇಲೆ, ಬೆನ್ನು ಮಾತ್ರ ಕೋಲಿನಷ್ಟು ನೇರ. ಹೊರಕೋಣೆಯಲ್ಲಿ ಆಗ ಐದು ಜನ ಕಾಯುತ್ತಿದ್ದರು.

"ಮಾವಾ, ಒಂದು ನಿಮಿಷ ಇಲ್ಲಿ ನೋಡಿ," ಎಂದು ಡಾಕ್ಟರು ಹಣೆಯ ದೀಪ ಹೊತ್ತಿಸಿ ಗಾಜಿನ ಬಳಿ ನಿಂತರು. ಮೀನುಗಳು ಕ್ಷಣದಲ್ಲಿ ಸಾಲು ಕಟ್ಟಿದವು.

ಮಾವನವರ ಕೈ ಕೆನ್ನೆಯಿಂದ ಕೆಳಗಿಳಿಯಿತು. ತೊಟ್ಟಿಯ ಹತ್ತಿರ ಬಂದರು. "ಅಳಿಯಂದ್ರೇ, ಹತ್ತು ಹೆಜ್ಜೆ ಹಿಂದೆ ಹೋಗಿ."

ಡಾಕ್ಟರು ಹೋದರು. ಮೀನು ಚದುರಿ, ಮಾವನವರ ಮೂಗಿನ ಮುಂದೆಯೇ ಆರಾಮಾಗಿ ಓಡಾಡತೊಡಗಿದವು.

"ಮುಂದೆ ಬನ್ನಿ."

ಬಂದರು. ಸಾಲು ನಿಂತಿತು. ಹೀಗೆ ಮೂರು ಸಲ ಅಳಿಯನನ್ನು ಹಿಂದೆ ಮುಂದೆ ನಡೆಸಿದ ಮೇಲೆ ಮಾವನವರು ಕರವಸ್ತ್ರ ತೆಗೆದು ಕಣ್ಣೊರೆಸಿಕೊಂಡರು.

"ನನ್ನ ಗುರುತು ಹಿಡಿದಿವೆ ಮಾವಾ," ಎಂದರು ಡಾಕ್ಟರು.

"ಹಿಡಿದಿವೆ. ಆದ್ರೆ ಇದು ಪ್ರೀತಿ ಅಲ್ಲ ಅಳಿಯಂದ್ರೇ, ಭಯ. ನಲವತ್ತು ವರ್ಷ ಮಕ್ಕಳಲ್ಲಿ ನೋಡಿದೀನಿ. ನೆಮ್ಮದಿಯಾಗಿದ್ರೆ ಅವರವರ ಪಾಡಿಗೆ ಓಡಾಡ್ತಾರೆ. ಎದೆ ನಡುಗಿದಾಗ್ಲೇ ಒಬ್ಬರಿಗೊಬ್ಬರು ಅಂಟ್ಕೊಂಡು ಸಾಲು ಹಿಡಿಯೋದು." ಅವರು ಅಳಿಯನ ಭುಜದ ಮೇಲೆ ಕೈ ಇಟ್ಟರು, ಹನ್ನೆರಡು ವರ್ಷದಲ್ಲಿ ಅದೇ ಮೊದಲು. "ನಾನು ಸೀಟಿ ಊದಬೇಕಿತ್ತು. ನಿಮಗೆ ಮುಖ ಒಂದೇ ಸಾಕು. ನಿಮ್ಮನ್ನ ಮೆತ್ತಗಿನ ಮನುಷ್ಯ ಅಂದ್ಕೊಂಡಿದ್ದೆ, ತಪ್ಪಾಯ್ತು. ಇವತ್ತು ನನಗೆ ನಿಜವಾಗ್ಲೂ ಹೆಮ್ಮೆ ಆಗ್ತಿದೆ."

ಹನ್ನೆರಡು ವರ್ಷ ಕಾದ ಮಾತು. ಡಾಕ್ಟರಿಗೆ ಸಂತೋಷಪಡಬೇಕೋ ಏನು ಮಾಡಬೇಕೋ ತಿಳಿಯಲಿಲ್ಲ. "ಬನ್ನಿ ಮಾವಾ, ಹಲ್ಲು ನೋಡಿಬಿಡೋಣ," ಎಂದರು.

"ಇಷ್ಟು ಕಣ್ಣಾರೆ ಕಂಡ ಮೇಲೂ ನಿಮ್ಮ ಕೈಗೆ ಬಾಯಿ ಕೊಡ್ತೀನಾ? ನಮ್ಮ ಹಳೇ ಡಾಕ್ಟರೇ ಸಾಕು," ಎಂದು ಮಾವನವರು ಎದೆಯೆತ್ತಿ ಹೊರಟರು. ಡಾಕ್ಟರು ತಿರುಗಿ ನೋಡಿದಾಗ ಕಾಯುತ್ತಿದ್ದ ಐದು ಜನ ಬಾಗಿಲ ಬಳಿ ಒತ್ತೊತ್ತಾಗಿ ನಿಂತಿದ್ದರು. ಹಣೆಯ ದೀಪ ತಮ್ಮ ಮೇಲೆ ಬಿದ್ದದ್ದೇ ತಡ, ಒಬ್ಬರ ಹಿಂದೊಬ್ಬರು ಮಾವನವರ ಬೆನ್ನುಹತ್ತಿದರು.

ಆರು ಗಂಟೆಗೆ ಹೆಂಡತಿ ಫೋನ್ ಮಾಡಿದಳು. "ಅಪ್ಪಂಗೆ ಏನು ಮಾಡಿದ್ರಿ? ಬೀದಿ ಉದ್ದಕ್ಕೂ ಸಿಕ್ಕಿದೋರನ್ನೆಲ್ಲ ನಿಲ್ಲಿಸಿ ನಿಮ್ಮನ್ನ ಹೊಗಳ್ತಿದಾರೆ. ನಮ್ಮ ಅಳಿಯನ್ನ ಕಂಡ್ರೆ ನೀರೊಳಗಿನ ಮೀನೂ ನಡುಗುತ್ತೆ ಅಂತ. ಇಷ್ಟು ಖುಷಿಯಾಗಿ ನಾನವರನ್ನ ನೋಡೇ ಇಲ್ಲ."

ಡಾಕ್ಟರ ಎದೆ ಉಬ್ಬಿತು. ಏನಾದರೂ ಆಗಲಿ, ಹೊಗಳಿಕೆ ಹೊಗಳಿಕೆಯೇ. ಅವರು ಫೋನ್ ಇಟ್ಟಾಗ ಅಕ್ಕ ನಾಳೆಯ ಪಟ್ಟಿ ಹಿಡಿದು ಎದುರಿಗೆ ನಿಂತಿದ್ದರು.

"ನಾಳೆಗೆ ಹನ್ನೊಂದು ಟೋಕನ್ ಇತ್ತು ಡಾಕ್ಟ್ರೇ. ಹತ್ತು ಜನ ಈಗಷ್ಟೇ ಫೋನ್ ಮಾಡಿ, ಬರಲ್ಲ ಅಂದ್ರು."

"ಇನ್ನೊಬ್ಬರು?"

"ಬರ್ತಾರಂತೆ. ಮೀನು ನೋಡೋಕೆ. ನೀವು ಇಲ್ಲದ ಹೊತ್ತು ಯಾವುದು ಅಂತ ಕೇಳಿದಾರೆ."