ಸೊಸೆಯ ಪರೀಕ್ಷೆಗೆ ಮಾವನ ಮೈ

ಸೊಸೆಯನ್ನು ನಾನು ಮೊದಲು ನೋಡಿದ ದಿನ ಅವಳು ನನ್ನ ಮುಖವನ್ನೇ ನೋಡಲಿಲ್ಲ. ಮಗ ಅವಳನ್ನು ಕರೆತಂದು, "ನಾನು ಮದುವೆಯಾಗೋದು ಇವಳನ್ನೇ" ಎಂದ. ಇಂಥ ಸಂದರ್ಭಕ್ಕೆಂದು ಕಾದಿಟ್ಟಿದ್ದ ಒಂದು ಗಂಭೀರ ವಾಕ್ಯವನ್ನು ನಾನು ಆರಂಭಿಸಿ, ಇನ್ನೂ ಕ್ರಿಯಾಪದದವರೆಗೆ ತಲುಪಿರಲಿಲ್ಲ. ಅವಳು ನನ್ನ ಹೆಗಲನ್ನೇ ದಿಟ್ಟಿಸುತ್ತ, "ನಿಮ್ಮ ಬಲಗಡೆ ಹೆಗಲು ಸ್ವಲ್ಪ ಮೇಲಿದೆ. ತುಂಬಾ ವರ್ಷ ಬೋರ್ಡ್ ಮೇಲೆ ಬರೆದಿದ್ದೀರಾ?" ಎಂದಳು. (ಆ ಹೆಗಲ ಪಕ್ಕದಲ್ಲೇ ಬಾಳಿದ ನನ್ನ ಹೆಂಡತಿ ಇದನ್ನು ಗಮನಿಸಿರಲಿಲ್ಲ. ಅದು ಒಂದು ಕೊಡ ನೀರನ್ನೂ ಹೊತ್ತದ್ದು ಕಾಣದ್ದರಿಂದ ಅತ್ತ ನೋಡುವ ಕಾರಣವೇ ಬರಲಿಲ್ಲವೆಂದು ಅವಳ ಸಮಜಾಯಿಷಿ.)

ಅವಳು ಓದುತ್ತಿದ್ದದ್ದು ಫಿಸಿಯೋಥೆರಪಿ. ಮದುವೆಯಾಗಿ ನಮ್ಮ ಮನೆಗೆ ಬಂದ ಮೇಲೂ ಒಂದು ಮೌಖಿಕ ಪರೀಕ್ಷೆ ಅವಳ ಬೆನ್ನು ಬಿಟ್ಟಿರಲಿಲ್ಲ. ಒಬ್ಬ ಮನುಷ್ಯನನ್ನು ಜೊತೆಗೆ ಕರೆದೊಯ್ದು, ಅವನ ಮೈಮುಟ್ಟಿ ಸ್ನಾಯುಗಳ ಹೆಸರು ಹೇಳಬೇಕು. ಎರಡು ಸಲ ನಪಾಸಾಗಿದ್ದಳು. ಮೂರನೆಯದೇ ಕೊನೆಯ ಅವಕಾಶ; ಅದರಲ್ಲೂ ನಪಾಸಾದರೆ ಓದಿಗೆ ಅಲ್ಲಿಗೇ ಪೂರ್ಣವಿರಾಮ. ಪರೀಕ್ಷೆ ಹತ್ತಿರ ಬಂದಂತೆ ನಮ್ಮ ಮನೆಯಲ್ಲಿ ಪಾತ್ರೆಗಳೂ ಸದ್ದಿಲ್ಲದೆ ಕೆಳಗಿಳಿಯತೊಡಗಿದವು.

ಅವಳು ಕಣ್ಣು ಮುಚ್ಚಿ ಮಾರುದ್ದದ ಹೆಸರುಗಳನ್ನು ಉರುಹೊಡೆಯುವುದನ್ನು ಕೇಳಿ ನನ್ನೊಳಗಿನ ನಿವೃತ್ತ ಮೇಷ್ಟ್ರು ಎದ್ದು ಕುಳಿತ.

"ಇದೇನಮ್ಮ, ಅರ್ಥ ತಿಳಿಯದೆ ಮಂತ್ರ ಹೇಳಿದ ಹಾಗೆ? ಸಮಾಸ ಬಿಡಿಸೋ ಹಾಗೆ ಬಿಡಿಸು. ಬೈಸೆಪ್ಸ್ ಬ್ರೇಕಿಯೈ ಅಂದರೆ?"

"ಎರಡು ತಲೆ ಇರೋದು, ತೋಳಿನದು."

"ನೋಡಿದೆಯಾ? ಹೆಸರೇ ಉತ್ತರ ಹೇಳುತ್ತೆ. ಡೆಲ್ಟಾಯ್ಡ್?"

"ತ್ರಿಕೋನದ ಆಕಾರ. ಹೆಗಲ ಮೇಲೆ."

ಹೀಗೆ ಸಾಗಿತು. ಕೆಲವಕ್ಕೆ ಆಕಾರದಿಂದ ಹೆಸರು, ಕೆಲವಕ್ಕೆ ಇರುವ ಜಾಗದಿಂದ. ನೇರವಾಗಿದ್ದರೆ ರೆಕ್ಟಸ್, ಓರೆಯಾಗಿದ್ದರೆ ಆಬ್ಲೀಕ್. ಬಗ್ಗಿಸುವುದು ಫ್ಲೆಕ್ಸರ್, ಚಾಚುವುದು ಎಕ್ಸ್‌ಟೆನ್ಸರ್. ಗ್ಲೂಟಿಯಸ್ ಮ್ಯಾಕ್ಸಿಮಸ್ ಬಂದಾಗ ಸೊಸೆ ತಡವರಿಸಿ, "ಕೂರೋ ಜಾಗದ ಅತಿ ದೊಡ್ಡ ಸ್ನಾಯು" ಎಂದಳು.

ಹೆಂಡತಿ ಅಡುಗೆಮನೆಯಿಂದಲೇ, "ಅದಕ್ಕೆ ಪುಸ್ತಕ ಯಾಕೆ? ನಿಮ್ಮ ಮಾವ ಕುರ್ಚಿಯಿಂದ ಏಳಲಿ, ಕಾಣುತ್ತೆ" ಎಂದಳು.

ಪರೀಕ್ಷೆಗೆ ನನ್ನನ್ನೇ ಕರೆದೊಯ್ಯುವುದೆಂದು ನಿಶ್ಚಯವಾಯಿತು. ಸೊಸೆ ನನ್ನ ತೋಳು ಹಿಡಿದು, "ಗಟ್ಟಿಯಾಗಿ ಬಿಗಿ ಹಿಡೀರಿ ಮಾವ" ಎಂದಳು.

"ಹಿಡಿದಿದ್ದೀನಮ್ಮ."

ಅವಳು ಬಹಳ ಹೊತ್ತು ಹುಡುಕಿದಳು. ಎರಡು ತಲೆಗಳಿರಲಿ, ಅಲ್ಲಿ ಒಂದು ಕೂದಲೂ ನೆಟ್ಟಗೆ ನಿಲ್ಲಲಿಲ್ಲ. ಕೊನೆಗೆ ಕೈಬಿಟ್ಟು ಪುಸ್ತಕ ತೆರೆದಳು. ಅದು ನನಗೆ ನಾಟಿತು. ಸ್ನಾಯುವೇ ಸಿಗದಿದ್ದರೆ ಹುಡುಗಿ ಬೆರಳಿಡುವುದಾದರೂ ಎಲ್ಲಿ?

ಆಗ ನನಗೊಂದು ದಿವ್ಯಾಲೋಚನೆ ಹೊಳೆಯಿತು. ಪರೀಕ್ಷೆಗೆ ಎರಡು ದಿನ ಮೊದಲು, ಮನೆಯವರೆಲ್ಲ ಹೊರಗೆ ಹೋಗಿದ್ದಾಗ, ಬಚ್ಚಲಿನ ಬಾಗಿಲು ಹಾಕಿಕೊಂಡು ತುಂಬಿದ ಬಕೆಟ್ಟುಗಳನ್ನು ಎತ್ತಿ ಇಳಿಸಿದೆ. ಕಿಟಕಿಯ ಸರಳು ಹಿಡಿದು ಕೂತೆದ್ದೆ. ಕನ್ನಡಿಯಲ್ಲಿ ತೋಳು ಕೊಂಚ ಉಬ್ಬಿದಂತೆ ಕಂಡು, ಸಂತೋಷದಿಂದ ಇನ್ನಷ್ಟು ಎತ್ತಿದೆ.

ಪರೀಕ್ಷೆಯ ಬೆಳಿಗ್ಗೆ ನಾನು ಮಂಚದ ಮೇಲೆ ಮರದ ದಿಮ್ಮಿಯಾಗಿದ್ದೆ. ಅಂಗಿಯ ತೋಳಿನೊಳಗೆ ಕೈ ಹೋಗಲೊಲ್ಲದು. ಹೆಂಡತಿ ಗುಂಡಿ ಹಾಕುತ್ತ, "ಏನಾಯ್ತು?" ಎಂದಳು.

"ಮೆಲ್ಲಗೆ ಮಾತಾಡು. ಅವಳಿಗೆ ಗೊತ್ತಾದರೆ ಗಾಬರಿಯಾಗ್ತಾಳೆ."

"ಮಾಡಬಾರದ್ದು ಮಾಡಿದ್ದೀರಿ ಅನ್ನೋದು ಮುಖದಲ್ಲೇ ಬರೆದಿದೆ" ಎಂದಳು. ಆದರೆ ಸೊಸೆಯ ಎದುರು ಬಾಯಿ ಬಿಡಲಿಲ್ಲ.

ಪರೀಕ್ಷೆಯ ಕೋಣೆಯಲ್ಲಿ ಎತ್ತರದ ಒಂದು ಮಂಚ, ಒಂದು ಮೇಜು, ಕನ್ನಡಕದ ಮೇಲಿನಿಂದ ನೋಡುವ ಒಬ್ಬ ಪರೀಕ್ಷಕಿ. ನನ್ನನ್ನು ಅಂಗಿ ಬಿಚ್ಚಿಸಿ ಕೂರಿಸಿದರು.

"ತೋಳಿನಿಂದ ಶುರು ಮಾಡಿ" ಎಂದರು ಪರೀಕ್ಷಕಿ.

ಸೊಸೆಯ ತುಟಿ ಅಲುಗಿತು, ದನಿ ಬರಲಿಲ್ಲ. ಪರೀಕ್ಷಕಿ ಪೆನ್ನಿನ ಮುಚ್ಚಳ ತೆಗೆದರು. ಹಿಂದಿನ ಎರಡು ಸಲವೂ ಹೀಗೇ ಆಗಿತ್ತಂತೆ. ಅವಳು ಬೆರಳನ್ನು ನನ್ನ ತೋಳಿನ ಮೇಲಿಟ್ಟಳು.

"ಅಯ್ಯಯ್ಯೋ" ಎಂದೆ.

ಅವಳು ಬೆಚ್ಚಿ ನನ್ನನ್ನು ನೋಡಿದಳು. ಈಗ ದನಿ ಬಂತು. "ಮಾವ, ಏನು ಮಾಡ್ಕೊಂಡಿದ್ದೀರಿ? ಮೊಣಕೈ ಬಗ್ಗಿಸಿ. ನೋವಾ? ಬೈಸೆಪ್ಸ್ ಬ್ರೇಕಿಯೈ. ಎರಡು ತಲೆನೂ ಹಿಡಿದಿವೆ. ಈಗ ಚಾಚಿ. ಹಿಂದುಗಡೆ ಟ್ರೈಸೆಪ್ಸ್, ಮೂರು ತಲೆದು, ಅದೂ ಹೋಯ್ತು. ಕೈ ಪಕ್ಕಕ್ಕೆ ಎತ್ತಿ. ಆಗಲ್ವಾ? ಡೆಲ್ಟಾಯ್ಡ್. ಏನಾದ್ರೂ ಭಾರ ಎತ್ತಿದ್ರಾ? ಈ ವಯಸ್ಸಿನಲ್ಲಿ? ಯಾರಿಗೂ ಹೇಳದೆ?"

"ನಿನಗೋಸ್ಕರನೇ ಅಮ್ಮ..."

"ಮಾತಾಡಬೇಡಿ. ಇಳಿದು ನಿಂತ್ಕೊಳ್ಳಿ."

ಅವಳು ಹುಡುಕುವ ಅಗತ್ಯವೇ ಇರಲಿಲ್ಲ. ಮುಟ್ಟಿದ ಕಡೆಯೆಲ್ಲ ನಾನು 'ಇಲ್ಲಿದ್ದೇನೆ' ಎಂಬಂತೆ ನರಳುತ್ತಿದ್ದೆ. ನೆತ್ತಿಯಿಂದ ಹಿಮ್ಮಡಿಯವರೆಗೆ ಪೂರ್ಣ ಹೆಸರುಗಳಿಂದ ನನ್ನನ್ನು ಬೈದಳು. ಪರೀಕ್ಷಕಿಯ ಇರವೇ ಅವಳಿಗೆ ಮರೆತಿತ್ತು. ಕೊನೆಗೆ ಅವರೇ ಕೆಮ್ಮಿ, "ಬೈಸೆಪ್ಸ್ ಇನ್ನೊಂದು ಸಲ ತೋರಿಸಿ" ಎಂದರು.

ಸೊಸೆ ಸಿಟ್ಟಿನಲ್ಲೇ ತಿರುಗಿ, "ಯಾವುದು ಮೇಡಂ? ತೋಳಿನದೋ, ತೊಡೆಯ ಹಿಂದಿನದೋ? ಅದಕ್ಕೂ ಎರಡು ತಲೆ. ಇವರು ಎರಡನ್ನೂ ಕೆಡಿಸ್ಕೊಂಡಿದ್ದಾರೆ" ಎಂದಳು.

ಪರೀಕ್ಷಕಿ ಪೆನ್ನಿಗೆ ಮುಚ್ಚಳ ಹಾಕಿದರು. "ಸಾಕು, ಪಾಸಾಗಿದ್ದೀರಿ. ಇವರನ್ನು ಹುಷಾರಾಗಿ ಮನೆಗೆ ಕರ್ಕೊಂಡು ಹೋಗಿ."

ಅವಳು ಅಲ್ಲೇ ನನ್ನ ಕಾಲು ಮುಟ್ಟಲು ಬಾಗಿದಳು. ಎತ್ತಿ ನಿಲ್ಲಿಸೋಣವೆಂದರೆ ನನಗೆ ಬಗ್ಗಲಾಗಲಿಲ್ಲ.

ಈಗ ಅವಳು ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಪ್ರತಿ ವರ್ಷ ಹೊಸಬರು ಬಂದಾಗ ಮೊದಲ ಪಾಠಕ್ಕೆ ನನ್ನನ್ನು ಕರೆದೊಯ್ಯುತ್ತಾಳೆ. ನಾನು ಇಸ್ತ್ರಿಯ ಅಂಗಿ ತೊಟ್ಟು, ಗಂಟಲು ಸರಿಮಾಡಿಕೊಂಡು, ಎರಡು ಮಾತು ಸಿದ್ಧಪಡಿಸಿಕೊಂಡು ಹೋಗುತ್ತೇನೆ. ತರಗತಿಯೆಲ್ಲ ಎದ್ದು ನಿಲ್ಲುತ್ತದೆ. "ಇವರು ನಮ್ಮ ಮಾವ" ಎನ್ನುತ್ತಾಳೆ ಅವಳು, ಅಭಿಮಾನದಿಂದಲೇ. "ಉರುಹೊಡೀಬೇಡ, ಹೆಸರನ್ನ ಬಿಡಿಸಿ ನೋಡು ಅಂತ ನನಗೆ ಕಲಿಸಿದೋರು." ನಾನು ಕೈಮುಗಿದು ಬಾಯಿ ತೆರೆಯುತ್ತೇನೆ.

"ಈಗ ದೇಹದ ಅತಿ ದೊಡ್ಡ ಸ್ನಾಯು ನೋಡೋಣ" ಎನ್ನುತ್ತಾಳೆ. "ಮಾವ, ಸ್ವಲ್ಪ ಆ ಕಡೆ ತಿರುಗಿ ನಿಂತ್ಕೊಳ್ಳಿ."